ಕವಚದ ಒಳಮಗ್ಗುಲು

ದಪ್ಪವಾದ ಉಕ್ಕಿನ ಹಲಗೆಯೊಂದಕ್ಕೆ ಸಿಡಿಮದ್ದನ್ನು ಒತ್ತಿಟ್ಟು ಸಿಡಿಸಿದರೆ ಗಾಯವಾಗುವುದೆಲ್ಲಿ? ಪೆಟ್ಟು ಬಿದ್ದೆಡೆಯಲ್ಲಿಯೇ ಎಂದು ಯಾರಾದರೂ ಹೇಳಿಯಾರು. ಆದರೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಬರ್ಟ್ರಮ್ ಹಾಪ್ಕಿನ್ಸನ್ನರು 1914ರ ಸುಮಾರಿನಲ್ಲಿ ಈ ಪರೀಕ್ಷೆಯನ್ನು ಮಾಡಿದಾಗ, ಮುಂಬದಿಯಲ್ಲಿ ಬರಿಯ ತಗ್ಗು ಬಿದ್ದು, ಹಿಂಬದಿಯಿಂದ ಬಿಲ್ಲೆಯಂತಹ ಚೂರೊಂದು ಎದ್ದು ಹಾರಿತು.

ಇದರ ಮರ್ಮವನ್ನು ಮಕ್ಕಳ ಆಟದಲ್ಲಿಯೂ ಕಾಣಬಹುದು. ಒಂದಕ್ಕೊಂದು ತಾಗಿದಂತೆ ಗೋಲಿಗಳನ್ನು ಸಾಲಾಗಿರಿಸಿ ಒಂದು ತುದಿಗೆ ಹೊಡೆದರೆ, ನಡುವಿನವು ನಿಂತಲ್ಲಿಯೇ ನಿಂತು ಕಡೆಯ ಗೋಲಿಯು ಓಡುವುದು. ಉಕ್ಕಿನಲ್ಲಿಯೂ ಪೆಟ್ಟು ಅಲೆಯಾಗಿ ಸಾಗುವುದು. ಆಚೆಯ ಮೈಯನ್ನು ಮುಟ್ಟಿದ ಒತ್ತಡದ ಅಲೆಗೆ ಮುಂದೆ ಆನಿಕೆಯಿಲ್ಲ. ಅದು ಸೆಳೆತವಾಗಿ ಹಿಂದಿರುಗುವುದು. ಒತ್ತಡವನ್ನು ತಾಳಿದ ಲೋಹವು ಸೆಳೆತಕ್ಕೆ ಒಳಗೊಳಗೇ ಬಿರಿಯುವುದು.

ಎಲ್ಲಿ ಬಿರಿಯಬೇಕೆಂಬುದನ್ನು ನಿಶ್ಚಯಿಸುವುದು ಲೋಹದ ಒಳರಚನೆ. ಕಣ್ಣಿಗೆ ಏಕರೂಪವಾಗಿ ತೋರುವ ಉಕ್ಕು ಸೂಕ್ಷ್ಮದರ್ಶಕದಲ್ಲಿ ಅಸಂಖ್ಯ ಸ್ಫಟಿಕಕಣಗಳ ಸಮುದಾಯ. ನಡುನಡುವೆ ಮ್ಯಾಂಗನೀಸ್ ಸಲ್ಫೈಡಿನಂತಹ ಕಲ್ಮಷಗಳು. ನಿಧಾನವಾಗಿ ಬೀಳುವ ಭಾರಕ್ಕಾದರೆ, ಕಣಗಳು ಸಣ್ಣವಾದಷ್ಟೂ ಲೋಹವು ಗಟ್ಟಿ. ಕಣಕಣಗಳ ನಡುವಣ ಮೇರೆಗಳೇ ಜಾರುವಿಕೆಯನ್ನು ತಡೆಯುವ ಒಡ್ಡುಗಳು. ಆಘಾತದಲ್ಲಿಯಾದರೋ ಸೆಳೆತದ ಆಯುಷ್ಯವು ಸೆಕೆಂಡಿನ 10 ಲಕ್ಷದಲ್ಲೊಂದು ಪಾಲಿನ ಆಸುಪಾಸು. ಒಂದೇ ಬಿರುಕು ಹುಟ್ಟಿ ಉದ್ದಕ್ಕೂ ಹರಿಯಲು ವೇಳೆಯಿಲ್ಲ. ಆದುದರಿಂದ ದುರ್ಬಲ ಸ್ಥಳಗಳು ಹಲವು ಏಕಕಾಲದಲ್ಲಿ ಬಾಯ್ದೆರೆದು, ಆ ಸೂಕ್ಷ್ಮರಂಧ್ರಗಳು ಒಂದನ್ನೊಂದು ಕೂಡಿಕೊಳ್ಳುವುವು. ಶುದ್ಧ ತಾಮ್ರದಲ್ಲಿ ಈ ರಂಧ್ರಗಳು ಬಹುಮಟ್ಟಿಗೆ ಹುಟ್ಟುವುದು ಕಣಗಳ ಮೇರೆಯಲ್ಲಿಯೇ. ಮೇರೆಯೇ ಇಲ್ಲದ ಒಂಟಿ ಸ್ಫಟಿಕದ ತಾಮ್ರವು ಅದಕ್ಕಿಂತ ಹೆಚ್ಚಿನ ಸೆಳೆತವನ್ನು ತಾಳುವುದು. ಒಂದು ಸಂದರ್ಭದಲ್ಲಿ ಕಾಯುವ ಗೋಡೆಯೇ ಇನ್ನೊಂದರಲ್ಲಿ ಬಿರುಕಿಗೆ ಬಾಗಿಲು. ಉರುಳೆಗಳ ನಡುವೆ ಹಾಯಿಸಿದ ಉಕ್ಕಿನಲ್ಲಿ ಸಲ್ಫೈಡು ಚಪ್ಪಟೆಯಾಗಿ ನೀಡಿಕೊಂಡಿರುವುದರಿಂದ, ಅಂತಹ ಹಲಗೆಯು ಪದರ ಬಿಡುವುದು ಇನ್ನೂ ಸುಲಭ.

ಇದು ಬರಿಯ ಶಾಸ್ತ್ರಕುತೂಹಲದ ಮಾತಲ್ಲ. ಟ್ಯಾಂಕಿನ ಕವಚವನ್ನು ಭೇದಿಸದೆಯೇ ಒಳಗಿನವರನ್ನು ಕೊಲ್ಲಬಲ್ಲ ಗುಂಡುಗಳನ್ನು ಬ್ರಿಟನ್ನಿನವರು ಈ ತತ್ತ್ವವನ್ನೇ ಹಿಡಿದು ನಿರ್ಮಿಸಿದರು. ಹೊರಗೆ ತೂತಿಲ್ಲ, ಒಳಗೆ ಕವಚದ ಚೂರೇ ಬಾಣವಾಗುವುದು. ಆದುದರಿಂದಲೇ ಇಂದು ಕವಚದ ಒಳಮೈಗೆ ಗಟ್ಟಿ ನಾರಿನ ಹೊದಿಕೆಯನ್ನು ಹಾಕುವುದುಂಟು; ಉಕ್ಕಿನಲ್ಲಿ ಗಂಧಕವನ್ನು ಕಡಮೆ ಮಾಡುವುದಕ್ಕೂ ಶ್ರಮಿಸುವರು. ನಂಬಿ ಒಳಗೆ ಕುಳಿತವನಿಗೆ ಕವಚದ ದಪ್ಪವೊಂದೇ ಸಾಲದು. ಅದರ ಒಡಲೂ ಶುಚಿಯಾಗಿರಬೇಕು.