ಕಾರು ಏರಿಸಿದ ಕಥೆ

ಹೆಂಗಸರು ಸೀರೆ ಆರಿಸಿದ ಕಥೆ, ಬಳೆ ಆರಿಸಿದ ಕಥೆ, ಕೊನೆಗೆ ಗ್ರೈಂಡರ್ ಆರಿಸಿದ ಕಥೆಗಳನ್ನೂ ನೀವು ಬೇಕಾದಷ್ಟು ಓದಿರುತ್ತೀರಿ. ನಾನು ಆರಿಸಿದ್ದು ಕಾರು ಎತ್ತುವ ಲಿಫ್ಟು. ಸಮಾಜ ವಿಜ್ಞಾನ ಪಾಠ ಮಾಡುವ ಬಿ.ಎ., ಬಿ.ಎಡ್. ಹೆಂಗಸಿಗೆ ಇದೆಂಥ ಉಸಾಬರಿ ಎಂದು ನೀವು ಕೇಳುವ ಮೊದಲೇ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿಯಾಗಿದೆ. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮದುವೆಯಾದದ್ದು 1992ರಲ್ಲಿ. ಇವರು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್. ನಾನಾಗ ಹೊಸದಾಗಿ ಶಾಲೆಗೆ ಸೇರಿದ್ದೆ. ಯಾರಾದರೂ "ನಿಮ್ಮ ಯಜಮಾನರು ಏನು ಮಾಡ್ತಾರೆ?" ಎಂದರೆ "ಡಿಪೋದಲ್ಲಿದ್ದಾರೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಕೇಳಿದವರು ಗುಮಾಸ್ತರೆಂದೋ ಅಧಿಕಾರಿಯೆಂದೋ ತಿಳಿದುಕೊಳ್ಳುತ್ತಿದ್ದರು. ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಮಕ್ಕಳ ಕಾಗುಣಿತದ ಒಂದು ತಪ್ಪನ್ನೂ ಬಿಡದ ನನಗೆ ಈ ತಪ್ಪು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಒಮ್ಮೆ ಶಾಲಾ ವಾರ್ಷಿಕೋತ್ಸವದ ದಿನ ಮಳೆ ಬಂತೆಂದು ಇವರು ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಕೊಡೆ ಹಿಡಿದು ನನ್ನನ್ನು ಕರೆದೊಯ್ಯಲು ಬಂದರು. ಮೊಣಕೈವರೆಗೂ ಗ್ರೀಸು. ನಾನು ಓಡಿಹೋಗಿ, "ನೀವು ಗೇಟಿನ ಹೊರಗೇ ನಿಂತಿರಿ, ಬಂದೆ" ಎಂದೆ. ಇವರು ನಿಂತರು. ನಾನು ಬಂದದ್ದು ಮುಕ್ಕಾಲು ಗಂಟೆಯ ನಂತರ.

ಇವರು 2020ರಲ್ಲಿ ನಿವೃತ್ತರಾದರು. ಇನ್ನು ಮೇಲಾದರೂ ಉಗುರು ಬೆಳ್ಳಗಾದೀತು ಎಂದು ನಾನಂದುಕೊಂಡರೆ, ಸಾಗರದ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೀದಿಯವರ ಕಾರುಗಳೆಲ್ಲ ಒಂದೊಂದಾಗಿ ಬಂದು ನಿಲ್ಲತೊಡಗಿದವು. ಇವರಿಗೆ ದುಡ್ಡಿಗಿಂತ ಕೆಲಸದ ಹಂಬಲ. ಗೋಣಿಚೀಲ ಹಾಸಿಕೊಂಡು ಕಾರಿನಡಿಗೆ ನುಸುಳಿದರೆ ಊಟದ ಹೊತ್ತಿಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಆ ಶೆಡ್ಡಿನೊಳಗೆ ನಾನು ಕಾಲಿಟ್ಟವಳಲ್ಲ. ಕಾಫಿ ಲೋಟವನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಕೂಗಿ ಬರುತ್ತಿದ್ದೆ.

2022ರ ಆಷಾಢದ ಒಂದು ಭಾನುವಾರ. ಶೆಡ್ಡಿನೊಳಗೆ ಒಂದು ಕಾರು ಬಿಚ್ಚಿಟ್ಟಿತ್ತು. ಹಿಂದಿನ ಬೀದಿಯ ಡಾಕ್ಟರರ ಆಲ್ಟೋ ಅಂಗಳದಲ್ಲೇ ಜಾಕ್ ಮೇಲೆ ನಿಂತಿತ್ತು. ಮಳೆ ಕುಡಿದ ನೆಲ. ಕಾಫಿ ಇಟ್ಟು ಕೂಗಬೇಕು, ಅಷ್ಟರಲ್ಲಿ ನನ್ನ ಕಣ್ಣೆದುರೇ ಜಾಕ್ ಮೆಲ್ಲಗೆ ವಾಲಿತು. ದಢ್ ಎಂದು ಕಾರು ಕೂತಿತು. ಇವರ ಎರಡು ಕಾಲು ಹೊರಗಿದ್ದವು, ಅಲುಗಲಿಲ್ಲ. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಎಂತದೂ ಆಗ್ಲಿಲ್ಲ ಮಾರಾಯ್ತಿ, ಸ್ಟೆಪ್ನಿ ಇಟ್ಟಿದ್ದೆ" ಎಂಬ ಮಾತು ಬಂತು. ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗಬಾರದೆಂದು ಇವರು ಬಿಚ್ಚಿದ ಚಕ್ರವನ್ನೋ ಸ್ಟೆಪ್ನಿಯನ್ನೋ ಕಾರಿನ ಕೆಳಗೆ ಅಡ್ಡ ಮಲಗಿಸುತ್ತಿದ್ದರಂತೆ. ಡಿಪೋದ ಹಳೆಯ ಅಭ್ಯಾಸ. ಆ ಚಕ್ರದ ದಪ್ಪದಷ್ಟೇ ಜಾಗದಲ್ಲಿ ನನ್ನ ಮೂವತ್ತು ವರ್ಷದ ಸಂಸಾರ ಉಳಿಯಿತು.

ಆ ರಾತ್ರಿ ನಾನು "ಶೆಡ್ಡಿಗೆ ಬೀಗ ಹಾಕಿ" ಎಂದೆ. ಇವರು ವಾದ ಮಾಡುವವರಲ್ಲ. ಬೀಗ ಹಾಕಿದರು. ಎರಡು ತಿಂಗಳು ಜಗಲಿಯಲ್ಲಿ ಪೇಪರು ಹಿಡಿದು ಕೂತರು, ಓದಿದ ಪುಟವನ್ನೇ ಓದಿದರು. ಬೀದಿಯಲ್ಲಿ ಕಾರು ಹೋದರೆ ಸದ್ದಿಗೆ ಕಿವಿ ಕೊಟ್ಟು, "ಕ್ಲಚ್ ಹೋಗಿದೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮನುಷ್ಯನನ್ನು ಉಳಿಸಿಕೊಳ್ಳಲು ಹೋಗಿ ಅವನ ಕೈಯನ್ನೇ ಕಟ್ಟಿಹಾಕಿದೆನಲ್ಲ ಎಂದು ನನಗೆ ಸಂಕಟವಾಯಿತು. ಹೆದರಿಕೆಯೂ ಹೋಗಬೇಕು, ಕೆಲಸವೂ ಉಳಿಯಬೇಕು. ಅದಕ್ಕೆ ದಾರಿ ಏನೆಂದು ನಾನೇ ಕೇಳಿದೆ. ಇವರು ಹಿಂಜರಿಯುತ್ತಲೇ, "ಲಿಫ್ಟು ಹಾಕಿಸಬಹುದು. ಆದರೆ ನಮ್ಮಂಥವರಿಗಲ್ಲ ಅದು" ಎಂದರು. ಗೆಳತಿಯರೊಂದಿಗೆ ಕಾಶಿಗೆ ಹೋಗಲೆಂದು ನಾನು ಹಾಕುತ್ತಿದ್ದ ಚೀಟಿ ಆ ವರ್ಷವೇ ಮುಗಿಯುವುದಿತ್ತು. ಕಾಶಿ ಎಲ್ಲಿಗೂ ಓಡಿಹೋಗುವುದಿಲ್ಲವಷ್ಟೆ.

ಹಾಗೆ ಮೊದಲ ಬಾರಿಗೆ ಶೆಡ್ಡಿನೊಳಗೆ ಹೋದೆ. ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಅಗಲ 14 ಅಡಿ, ಉದ್ದ 20 ಅಡಿ, ಮೇಲಿನ ಅಡ್ಡ ಕಬ್ಬಿಣದವರೆಗೆ ಎತ್ತರ 10 ಅಡಿ 6 ಇಂಚು. ಸೀರೆಗೆ ಸೆರಗಿನ ಉದ್ದ ನೋಡಿದಂತೆ ಲಿಫ್ಟಿಗೆ ಮಾಡಿನ ಎತ್ತರ ನೋಡಬೇಕು. ಲೆಕ್ಕ ಸುಲಭ, ನೀವೂ ಮಾಡಿ ನೋಡಿ. ಆಲ್ಟೋ ಎತ್ತರ ಸುಮಾರು 4 ಅಡಿ 10 ಇಂಚು. ಮೇಲೆ ನಾಲ್ಕಿಂಚು ಜಾಗ ಬಿಟ್ಟರೆ ಅದು ಏರಬಹುದಾದದ್ದು 5 ಅಡಿ 4 ಇಂಚು. ಕಾರಿನ ಹೊಟ್ಟೆ ಮೊದಲೇ ನೆಲದಿಂದ ಆರಿಂಚು ಮೇಲಿರುತ್ತದೆ. ಅಲ್ಲಿಗೆ 5 ಅಡಿ 10 ಇಂಚು. ಇವರ ಎತ್ತರ 5 ಅಡಿ 5 ಇಂಚು. "ನಿಂತುಕೊಂಡೇ ಕೆಲಸ ಮಾಡಬಹುದು!" ಎಂದು ನಾನೇ ಮೊದಲು ಕೂಗಿದೆ. ವ್ಯಾಗನ್ ಆರ್‌ನಂಥ ಎತ್ತರದ ಕಾರಾದರೆ ತಲೆ ತಗ್ಗಿಸಬೇಕು. ಬೊಲೆರೋ ಬಂದರೆ ಕೈಮುಗಿದು ಬೇರೆ ಗ್ಯಾರೇಜಿಗೆ ಕಳಿಸಬೇಕು.

ಆಮೇಲೆ ಶುರುವಾಯಿತು ಆರಿಸುವ ಕೆಲಸ. ಪಕ್ಕದ ಮನೆಯವರು, "ಸುಮ್ಮನೆ ಒಂದು ಗುಂಡಿ ತೋಡಿಸಿ, ಖರ್ಚೇ ಇಲ್ಲ" ಎಂದರು. ನಮ್ಮ ಮಲೆನಾಡಿನಲ್ಲಿ ಗುಂಡಿ ತೋಡಿದರೆ ಜೂನ್ ತಿಂಗಳಿಗೆ ಅದು ಬಾವಿಯಾಗುತ್ತದೆ. ಅದಲ್ಲದೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಗುಂಡಿಯ ತಳದಲ್ಲಿ ಹೋಗಿ ಕೂತರೆ ಒಂದು ಕಿಡಿ ಸಾಕು ಎಂದು ಇವರೇ ಹೇಳಿದರು. ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ಚಕ್ರದ ಮೇಲೆಯೇ ನಿಂತಿರುವುದರಿಂದ ಬ್ರೇಕಿನ ಕೆಲಸಕ್ಕೆ ತೊಡಕು, ಜಾಗವೂ ಹೆಚ್ಚು ಬೇಕು. ಕತ್ತರಿಯಂತೆ ಮಡಚುವ ಲಿಫ್ಟು ಮುದ್ದಾಗಿತ್ತು, ಆದರೆ ಕಾರಿನ ಹೊಟ್ಟೆಯ ಕೆಳಗೇ ಅದರ ಕಬ್ಬಿಣವಿರುವುದರಿಂದ ಗೇರ್ ಬಾಕ್ಸ್ ಇಳಿಸುವಾಗ ಅಡ್ಡ. ಎರಡು ಕಂಬದ್ದರಲ್ಲಿ ಮತ್ತೆ ಎರಡು ಬಗೆ. ಒಂದರಲ್ಲಿ ಕಂಬಗಳನ್ನು ಮೇಲೆ ತೊಲೆಯೊಂದು ಜೋಡಿಸುತ್ತದೆ, ಅದಕ್ಕೆ ಸುಮಾರು 12 ಅಡಿ ಎತ್ತರ ಬೇಕು. ಇನ್ನೊಂದರಲ್ಲಿ ಜೋಡಿಸುವ ತಗಡು ನೆಲದ ಮೇಲೆ ಹೊಸ್ತಿಲಿನಂತೆ ಇರುತ್ತದೆ. ನಮ್ಮ ಶೆಡ್ಡಿಗೆ ಹೊಸ್ತಿಲಿನದೇ ಸರಿ ಎಂದಾಯಿತು.

ನೋಡದೆ ಕೊಳ್ಳುವುದು ಹೇಗೆ? ಇವರ ಕೈಕೆಳಗೆ ಕೆಲಸ ಕಲಿತ ಹುಡುಗನೊಬ್ಬ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಅಲ್ಲಿಗೆ ಹೋದೆವು. ಆತ "ಗುರುಗಳು ಬಂದ್ರು" ಎಂದು ಕಾಲಿಗೆ ನಮಸ್ಕರಿಸಿದ. ಮೂವತ್ತು ವರ್ಷ ಪಾಠ ಮಾಡಿದ ನಾನು ಪಕ್ಕದಲ್ಲೇ ನಿಂತಿದ್ದೆ. ಇವರಿಗೂ ಶಿಷ್ಯರಿದ್ದಾರೆಂದು ನನಗೆ ಹೊಳೆದೇ ಇರಲಿಲ್ಲ. ಕಂಬದೊಳಗೆ ಎಣ್ಣೆ ತುಂಬಿದ ಸಿಲಿಂಡರು, ಮೋಟರು ಎಣ್ಣೆಯನ್ನು ಒತ್ತಿದರೆ ಕಾರು ಏರುತ್ತದೆ. ಎರಡು ಕಂಬವೂ ಸಮನಾಗಿ ಏರಲು ನಡುವೆ ಉಕ್ಕಿನ ಹಗ್ಗ. ಏರುವಾಗ ಟಕ್ ಟಕ್ ಎಂದು ಬೀಗ ಬೀಳುತ್ತ ಹೋಗುತ್ತದೆ. ಎಣ್ಣೆ ಸೋರಿದರೂ, ಪೈಪು ಒಡೆದರೂ ಕಾರನ್ನು ಹಿಡಿದು ನಿಲ್ಲಿಸುವುದು ಆ ಬೀಗ. ಅಲ್ಲೇ ಹತ್ತಿರ ಒಬ್ಬರು ಅರ್ಧ ಬೆಲೆಗೆ ಹಳೆಯದೊಂದನ್ನು ತೋರಿಸಿದರು. ಏರಿಸಿದಾಗ ಒಂದು ಕಂಬ ಮಾತ್ರ ಟಕ್ ಎಂದಿತು, ಇನ್ನೊಂದು ಮೌನ. ಹಾಜರಿ ಕರೆದಾಗ ಉತ್ತರ ಬಾರದಿದ್ದರೆ ನನಗೆ ತಕ್ಷಣ ಗೊತ್ತಾಗುತ್ತದೆ. "ಇದು ಬೇಡ" ಎಂದೆ. ಇವರು ನನ್ನ ಮುಖ ನೋಡಿ ನಕ್ಕರು. ನಾಲ್ಕು ಟನ್ ಎತ್ತುವ ಹೊಸದಕ್ಕೇ ಮುಂಗಡ ಕೊಟ್ಟೆವು.

ನಮ್ಮ ವಿಜ್ಞಾನದ ಮೇಡಂ ಇದರ ಮೂಲಕ್ಕೆ ಪಾಸ್ಕಲನ ನಿಯಮವನ್ನು ನೆನಪಿಸಿದರು. ಅಮೆರಿಕದ ಮೆಂಫಿಸ್ ಊರಿನ ಪೀಟರ್ ಲುನಾಟಿ ಎಂಬಾತ ಕ್ಷೌರದಂಗಡಿಯ ಏರಿಳಿಯುವ ಕುರ್ಚಿಯನ್ನು ನೋಡಿ ಕಾರಿನ ಲಿಫ್ಟನ್ನು ಯೋಚಿಸಿದನಂತೆ. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1925ರಲ್ಲಿ. ಗಂಡಸರ ಗಡ್ಡದಿಂದಲೂ ಲೋಕಕ್ಕೆ ಉಪಕಾರವಾಗಿದೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕೆವು.

ಲಿಫ್ಟು ಬರುವ ಮೊದಲು ನೆಲ ಗಟ್ಟಿಯಾಗಬೇಕು. ನಮ್ಮ ಶೆಡ್ಡಿನ ನೆಲ ಮೂರಿಂಚಿನ ಕಾಂಕ್ರೀಟು. ಕಂಬಗಳ ಬೋಲ್ಟು ಹಿಡಿಯುವುದು ನೆಲದಲ್ಲಿ, ನೆಲ ಬಿರುಕು ಬಿಟ್ಟರೆ ಕಂಬ ಕಾರಿನ ಸಮೇತ ಬೀಳುತ್ತದೆ. ಹಳೆಯದನ್ನು ಒಡೆಸಿ, ಕಬ್ಬಿಣ ಕಟ್ಟಿಸಿ, ಎಂಟಿಂಚು ದಪ್ಪ ಹಾಕಿಸಿದೆವು. ಮೇಸ್ತ್ರಿ, "ಏಳು ದಿನ ನೀರು ಹಾಕಿ ಸಾಕು ಅಮ್ಮಾ" ಎಂದ. ಇವರು, "ಇಪ್ಪತ್ತೆಂಟು ದಿನ" ಎಂದರು. ನೀರು ಹಾಕುವ ಕೆಲಸ ನನ್ನದಾಯಿತು. ಗೋಣಿಚೀಲ ಹೊದಿಸಿ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ ಕೊಡದಲ್ಲಿ ನೀರು ಹೊಯ್ದೆ. ತುಳಸಿಗೂ ಆ ಫೆಬ್ರವರಿಯಲ್ಲಿ ನಾನು ಅಷ್ಟು ನಿಷ್ಠೆಯಿಂದ ನೀರು ಹಾಕಲಿಲ್ಲ. ಇಪ್ಪತ್ತೆಂಟು ದಿನವೂ ಎಣಿಸಿದೆ.

2023ರ ಮಾರ್ಚಿನಲ್ಲಿ ಕಂಬಗಳು ಬಂದವು. ಇಬ್ಬರು ಹುಡುಗರು ಎರಡು ದಿನ ಕೆಲಸ ಮಾಡಿದರು. ಕಂಬ ನೆಟ್ಟಗಿದೆಯೇ ಎಂದು ಮಟ್ಟ ಹಿಡಿದು, ನೆಲ ಕೊರೆದು, ಧೂಳು ಊದಿ ತೆಗೆದು ಬೋಲ್ಟು ಇಳಿಸಿದರು. "ಕೈಯ ಅಂದಾಜಿಗೆ ಬಿಗಿ ಮಾಡಬೇಡಿ" ಎಂದು ಇವರು ಟಾರ್ಕ್ ರೆಂಚ್ ಹಿಡಿದು ಒಂದೊಂದನ್ನೂ ತಾವೇ ನೋಡಿದರು. ಮೊದಲು ಕಾರನ್ನು ಒಂದು ಅಡಿಯಷ್ಟೇ ಏರಿಸಿ, ಅಲುಗಾಡಿಸಿ, ತೋಳುಗಳು ಕಾರಿನ ಗಟ್ಟಿ ಜಾಗದಲ್ಲೇ ಕೂತಿವೆಯೇ ಎಂದು ಪರೀಕ್ಷಿಸಿ, ಆಮೇಲೆ ಪೂರ್ತಿ ಏರಿಸಿ, ಬೀಗದ ಮೇಲೆ ಇಳಿಸಿ ಕೂರಿಸಿದರು. ನಾನು ಬಾಗಿಲಲ್ಲಿ ನಿಂತು ಟಕ್ ಟಕ್ ಎಣಿಸುತ್ತಿದ್ದೆ. ಎರಡು ಕಂಬವೂ ಹಾಜರಿ ಹೇಳಿದವು.

ಎಲ್ಲವೂ ಸುಸೂತ್ರವೆಂದುಕೊಳ್ಳಬೇಡಿ. ಜೂನ್ ತಿಂಗಳ ಮೊದಲ ಮಳೆಗೆ ಕರೆಂಟು ಹೋಯಿತು. ಬೀಗದ ಮೇಲೆ ಕೂತ ಕಾರನ್ನು ಇಳಿಸಬೇಕಾದರೆ ಮೊದಲು ಒಂದಿಷ್ಟು ಏರಿಸಿ ಬೀಗ ಬಿಡಿಸಬೇಕು, ಅದಕ್ಕೆ ಮೋಟರು ಬೇಕು. ಡಾಕ್ಟರರ ಆಲ್ಟೋ ರಾತ್ರಿಯಿಡೀ ತ್ರಿಶಂಕುವಿನಂತೆ ಮೇಲೇ ಉಳಿಯಿತು. ಅವರು ಬೆಳಿಗ್ಗೆ ಆಟೋದಲ್ಲಿ ಆಸ್ಪತ್ರೆಗೆ ಹೋದರು. ನನಗೋ ನಾಚಿಕೆ. ಇವರು ಮಾತ್ರ, "ಬೀಳಲಿಲ್ಲವಲ್ಲ, ಅಷ್ಟು ಸಾಕು" ಎಂದರು. ನಿಜ, ಅದಕ್ಕಾಗಿಯೇ ತಾನೆ ಕಾಶಿಯ ದುಡ್ಡು ಹೋದದ್ದು.

ಆ ಬೆಳಿಗ್ಗೆಯೇ ಇವರು ನನ್ನನ್ನು ಕಾರಿನಡಿಗೆ ಕರೆದರು. ಹೆದರುತ್ತಲೇ ಹೋದೆ. ಟಾರ್ಚ್ ಹಿಡಿದು ಎಣ್ಣೆ ಸೋರುವ ಜಾಗ, ತುಕ್ಕು ತಿಂದ ಸೈಲೆನ್ಸರ್, ಸವೆದ ರಬ್ಬರ್ ಒಂದೊಂದನ್ನೂ ತೋರಿಸಿದರು. ಎಷ್ಟು ಚೆನ್ನಾಗಿ ಪಾಠ ಮಾಡುತ್ತಾರೆ! "ಇಷ್ಟು ವರ್ಷ ಇದನ್ನೆಲ್ಲ ಮಲಗಿಯೇ ನೋಡಿದ್ದು ಕಣೇ. ನಿಂತು ನೋಡುವುದು ಈಗಲೇ" ಎಂದರು. ಅವರ ಬೆನ್ನಿನ ನೋವಿಗೆ ನಾನು ಹಚ್ಚಿದ ಎಣ್ಣೆಯ ಲೆಕ್ಕ ನನಗೆ ಗೊತ್ತು, ನೋವಿನ ಲೆಕ್ಕ ಕೇಳಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ನಮ್ಮ ಶಾಲೆಯವರನ್ನೆಲ್ಲ ಮನೆಗೆ ಕರೆದೆ. ಕಂಬಗಳಿಗೆ ಬಾಳೆಕಂದು, ಚೆಂಡುಹೂವಿನ ಮಾಲೆ. ಇವರು ಅತಿಥಿಗಳು ಬರುತ್ತಾರೆಂದು ನಿಂಬೆಹಣ್ಣು ಹಾಕಿ ಕೈ ಉಜ್ಜುತ್ತಿದ್ದರು. ಮೂರನೆಯ ಸಲ ಉಜ್ಜುವಾಗ ನಾನು, "ಸಾಕು ಬನ್ನಿ, ಅದು ಹೋಗುವ ಬಣ್ಣವಲ್ಲ" ಎಂದು ಕರೆತಂದೆ. ಹೊಸ ಹೆಡ್ ಮೇಡಂಗೆ, "ಇವರು ನಮ್ಮ ಯಜಮಾನರು, ಮೆಕ್ಯಾನಿಕ್" ಎಂದು ಪರಿಚಯ ಮಾಡಿಸಿದೆ. ಅವರು ಆಶ್ಚರ್ಯಪಡಲಿಲ್ಲ. ತಮ್ಮ ಕಾರು ತಿರುವಿನಲ್ಲಿ ಕಟಕಟ ಎನ್ನುವುದೇಕೆ ಎಂದು ಕೇಳಲು ಶುರುಮಾಡಿದರು. ಇಷ್ಟಕ್ಕೇ ನಾನು ಮೂವತ್ತು ವರ್ಷ ಹೆದರಿದ್ದೆ.

ರಾತ್ರಿ ಪಾತ್ರೆ ತೊಳೆಯುತ್ತ, "ಅವತ್ತು ನಿಮ್ಮನ್ನು ಶಾಲೆಯ ಗೇಟಿನ ಹೊರಗೆ ನಿಲ್ಲಿಸಿದ್ದೆ, ನೆನಪಿದೆಯಾ?" ಎಂದು ಕೇಳಿದೆ. ಇವರು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು.

"ಅಲ್ಲೊಬ್ಬ ಗಾಡಿಯಲ್ಲಿ ಹುರಿಗಡಲೆ, ಶೇಂಗಾ ಮಾರುತ್ತಿದ್ದ. ಬಿಸಿಬಿಸಿ ಶೇಂಗಾ. ಮಳೆಗೆ ಚೆನ್ನಾಗಿತ್ತು ಮಾರಾಯ್ತಿ" ಎಂದರು.