ಲೋಣಂದದಿಂದ ತರಡಗಾವದವರೆಗೆ

ಪುಣೆ–ಮಿರಜ ರೈಲುದಾರಿಯ ಮೇಲೆ ಲೋಣಂದವೆಂಬ ಒಂದು ಪೇಟೆಯಿದೆ. ಸಾತಾರಾ ಜಿಲ್ಲೆಗೆ ಸೇರಿದ ಈ ಊರು ಉಳ್ಳಾಗಡ್ಡಿಯ ವ್ಯಾಪಾರಕ್ಕೆ ಹೆಸರಾದುದು. ವರ್ಷದ ಉಳಿದ ದಿನಗಳಲ್ಲಿ ಪ್ರವಾಸಿಗರನ್ನು ಕೈಬೀಸಿ ಕರೆಯುವಂಥದೇನೂ ಅಲ್ಲಿಲ್ಲ. ಆದರೆ ಆಳಂದಿಯಿಂದ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರ ಮಹಾರಾಜರ ಪಾಲಕಿಯು ನೀರಾ ನದಿಯನ್ನು ದಾಟಿ ಇಲ್ಲಿ ಬಂದು ತಂಗಿದಾಗ, ಇರುವ ಊರಿನ ಸುತ್ತ ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಇನ್ನೊಂದು ಊರು ಎದ್ದು ನಿಲ್ಲುತ್ತದೆ. 2024ರ ಆಷಾಢದ ಆರಂಭದಲ್ಲಿ ನಾವು, ನಮ್ಮ ಮನೆಯವರೊಡನೆ, ಆ ಡೇರೆಗಳ ಊರಿಗೆ ಹೋಗಿದ್ದೆವು.

ಹೋದದ್ದು ಯಾತ್ರೆಗೆಂದಲ್ಲ. ನಮ್ಮದು ಮೂರು ತಲೆಮಾರುಗಳಿಂದ ನಿತ್ಯ ಇಷ್ಟಲಿಂಗಪೂಜೆ ತಪ್ಪದ ಮನೆತನ. ಅಂಗೈಯ ಲಿಂಗವನ್ನು ಬಿಟ್ಟು ದೂರದ ಸ್ಥಾವರವನ್ನು ಕಾಣಲು ನೂರಾರು ಮೈಲು ನಡೆಯುವುದೇಕೆಂದು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವರು ನಾವು. ಆದರೆ ದೊಡ್ಡಪ್ಪನವರ ಮಗ, ನಾವು ಅಣ್ಣ ಎಂದೇ ಕರೆಯುವವರು, 2011ರಲ್ಲಿ ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡು ಮಾಳಕರಿಯಾದರು. ಅಂದಿನಿಂದ ಪ್ರತಿವರ್ಷ ಈ ದಾರಿಯನ್ನು ನಡೆಯುತ್ತಿದ್ದಾರೆ. ನಮ್ಮ ತಂದೆಯವರು ಅಂದಿನಿಂದಲೇ ಅವರೊಡನೆ ಒಂದು ಪಂಕ್ತಿಯಲ್ಲಿ ಊಟಕ್ಕೆ ಕುಳಿತಿಲ್ಲ. “ಲಿಂಗವಿದ್ದ ಕೊರಳಿಗೆ ಮತ್ತೊಂದೇಕೆ?” ಎಂಬುದು ಅವರ ಮಾತು.

ಈ ಮಾತಿನ ಹಿಂದೆ ಇನ್ನೊಂದು ಸಂಗತಿಯಿತ್ತೆಂಬುದನ್ನು ಮುಚ್ಚಿಡಲಾರೆವು. ಮಾಲೆ ಹಾಕಿಸಿಕೊಳ್ಳುವ ಮೊದಲಿನ ಹತ್ತು ವರ್ಷ ಅಣ್ಣ ವಿಪರೀತ ಕುಡಿಯುತ್ತಿದ್ದರು. ಮಗಳ ಮದುವೆಗೆಂದು ನಮ್ಮ ತಾಯಿ ನಂಬಿ ಅವರ ಕೈಗೆ ಕೊಟ್ಟ ಎರಡು ಚಿನ್ನದ ಬಳೆಗಳು ಒತ್ತೆಯ ಅಂಗಡಿಗೆ ಹೋದವು, ಮರಳಲಿಲ್ಲ. ತಾಯಿ ಆ ಬಳೆಗಳನ್ನು ಮತ್ತೆ ಕಾಣದೆಯೇ ಲಿಂಗೈಕ್ಯರಾದರು. ತಂದೆಯವರು ತತ್ತ್ವದ ಹೆಸರಿನಲ್ಲಿ ಆಡುತ್ತಿದ್ದ ಮಾತು ಎಷ್ಟು ತತ್ತ್ವದ್ದು, ಎಷ್ಟು ಬಳೆಗಳದ್ದು ಎಂದು ನಾವು ಯಾರೂ ಕೇಳಿರಲಿಲ್ಲ. ನಾಮಸ್ಮರಣೆಯಿಂದ ಮನುಷ್ಯ ಬದಲಾಗುತ್ತಾನೆಂಬ ಮಾತನ್ನು ಕಣ್ಣಾರೆ ಪರೀಕ್ಷಿಸೋಣವೆಂದು ಹೊರಟೆವು. ಪರೀಕ್ಷಿಸುವವನ ಗರ್ವವೂ ನಮ್ಮಲ್ಲಿ ಇದ್ದಿತು.

ರಾಯಬಾಗದಿಂದ ಮಿರಜಿಗೆ, ಮಿರಜಿನಿಂದ ಪುಣೆಯ ಕಡೆಗೆ ಹೋಗುವ ಗಾಡಿಯಲ್ಲಿ ಲೋಣಂದಕ್ಕೆ ಬಂದಿಳಿದೆವು. ಗಾಡಿಯಲ್ಲಿಯೇ ಅರ್ಧ ಜನ ಬಿಳಿ ಟೊಪ್ಪಿಗೆಯವರು. ನಿಪ್ಪಾಣಿಯ ಕಡೆಯ ಒಬ್ಬ ಅಜ್ಜಿ ನಮ್ಮ ಮನೆಯವರ ಕಾಲು ಮುಟ್ಟಿ ನಮಸ್ಕರಿಸಲು ಬಂದಾಗ ಅವರು ಬೆಚ್ಚಿ ಹಿಂದೆ ಸರಿದರು. ಇಲ್ಲಿ ಎಲ್ಲರೂ ಎಲ್ಲರ ಕಾಲು ಮುಟ್ಟುತ್ತಾರೆ, ಎಲ್ಲರೂ ಎಲ್ಲರನ್ನೂ ‘ಮಾವುಲಿ’, ಅಂದರೆ ತಾಯಿ, ಎನ್ನುತ್ತಾರೆಂಬುದು ಆಮೇಲೆ ತಿಳಿಯಿತು. ಸರದಿಯಲ್ಲಿ ನಿಂತ ಪೊಲೀಸನೂ ಮಾವುಲಿಯೇ, ಚಹಾ ಮಾರುವವನೂ ಮಾವುಲಿಯೇ.

ಅಣ್ಣನವರ ದಿಂಡಿಯನ್ನು ಹುಡುಕಲು ಎರಡು ತಾಸು ಬೇಕಾಯಿತು. ದಿಂಡಿಯೆಂದರೆ ಒಂದು ತಂಡ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಜ್ಞಾನೇಶ್ವರರ ಪಾದುಕೆಗಳನ್ನು ಹೊತ್ತ ರಥದ ಮುಂದೆಯೋ ಹಿಂದೆಯೋ ಗೊತ್ತಾದ ಒಂದು ಸ್ಥಾನ. ಮುಂದೆ ಕಾವಿಯ ಪತಾಕೆ ಹಿಡಿದವರು, ಅವರ ಹಿಂದೆ ಸಾಲಾಗಿ ತಾಳದವರು, ನಡುವೆ ಪಖವಾಜಿನವರು, ಒಬ್ಬರ ಕೊರಳಲ್ಲಿ ವೀಣೆ, ಕೊನೆಗೆ ತಲೆಯ ಮೇಲೆ ತುಳಸಿವೃಂದಾವನವನ್ನೂ ನೀರಿನ ಕೊಡವನ್ನೂ ಹೊತ್ತ ತಾಯಂದಿರು. ಅಣ್ಣ ತಾಳದ ಸಾಲಿನಲ್ಲಿದ್ದರು. ನಮ್ಮನ್ನು ಕಂಡವರೇ ಬಾಗಿ ಕಾಲು ಮುಟ್ಟಿದರು. ಹಿರಿಯರು ಕಿರಿಯರ ಕಾಲು ಮುಟ್ಟುವುದೆಂದರೇನು! ನಮಗೆ ನಿಂತ ನೆಲ ಕುಸಿದಂತಾಯಿತು.

ಮಧ್ಯಾಹ್ನ ಪಾಲಕಿ ಹೊರಟಿತು. ಭಜನೆಯ ಕ್ರಮ ಸರಳವಾದುದು. ಒಬ್ಬರು ಅಭಂಗದ ಸಾಲನ್ನು ಎತ್ತಿಕೊಡುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಒಂದು ಅಭಂಗ ಮುಗಿದು ಇನ್ನೊಂದು ಹಿಡಿಯುವ ನಡುವೆ ಜ್ಞಾನೋಬಾ–ತುಕಾರಾಮರ ನಾಮಘೋಷ. ತಾಳದ ಪೆಟ್ಟಿಗೂ ಹೆಜ್ಜೆಗೂ ನಂಟು ಬೀಳುತ್ತದೆ. ಮೊದಲ ಅರ್ಧ ತಾಸು ನಾವು ನೋಡುವವರಾಗಿಯೇ ನಡೆದೆವು. ನಮ್ಮ ಮನೆಯವರು ಆಗಲೇ ದನಿಗೂಡಿಸಿದ್ದರು. ಹೆಂಗಸರಿಗೆ ಈ ಸಂಕೋಚ ಕಡಿಮೆ. ಬಾಯಿ ಒಣಗಿತು, ಕೆರದ ಪಟ್ಟಿ ಕಚ್ಚಿತು, ಮನೆಯಲ್ಲಿ ಕೊಳವೆಬಾವಿಯ ಮೋಟಾರು ನಿಲ್ಲಿಸಿದ್ದೇವೆಯೋ ಇಲ್ಲವೋ ಎಂಬ ಚಿಂತೆ ಹತ್ತಿತು. ಆಮೇಲೆ ಯಾವಾಗಲೋ ನಮ್ಮ ಬಾಯಿಯೂ ಸೇರಿಕೊಂಡಿತು. ಯಾವ ಬೆಳಕನ್ನೂ ನಾವು ಕಾಣಲಿಲ್ಲ, ಕಣ್ಣೀರೂ ಬರಲಿಲ್ಲ. ಆದರೆ ಆ ಬಳೆಗಳ ಬಗ್ಗೆ ಅಣ್ಣನೊಡನೆ ಮನಸ್ಸಿನಲ್ಲಿಯೇ ನಡೆಯುತ್ತಿದ್ದ ಒಂದು ಜಗಳವಿತ್ತು. ವರ್ಷಗಳಿಂದ ಅದು ಗಿರಣಿಯ ಕಲ್ಲಿನಂತೆ ತಿರುಗುತ್ತಲೇ ಇದ್ದಿತು. ಅದು ನಿಂತಿದೆಯೆಂದು ಗೊತ್ತಾದದ್ದು ಮತ್ತೆ ಆರಂಭವಾದ ಮೇಲೆಯೇ.

ಇಂಥ ಅನುಭವಕ್ಕೆ ದೇಹದ ಕಡೆಯಿಂದಲೂ ಒಂದು ವಿವರಣೆಯಿದೆ. ಇಟಲಿಯ ಬೆರ್ನಾರ್ಡಿ ಮತ್ತು ಅವರ ಸಂಗಡಿಗರು 2001ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನಾಗಲಿ ಬೌದ್ಧರ ಮಂತ್ರವನ್ನಾಗಲಿ ಲಯಬದ್ಧವಾಗಿ ಹೇಳುವಾಗ ಉಸಿರಾಟವು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುತ್ತದೆ, ಹೃದಯದ ಬಡಿತವೂ ರಕ್ತದೊತ್ತಡವೂ ಅದಕ್ಕೆ ಹೊಂದಿಕೊಳ್ಳುತ್ತವೆ. ಉಸಿರು ನಿಧಾನವಾದರೆ ಕುಡಿತ ಬಿಡುತ್ತದೆಂದು ಅವರು ಹೇಳಿಲ್ಲ. ಬಿಸಿಲಿನಲ್ಲಿ ತಾಳ ಬಡಿಯುತ್ತ ನಡೆಯುವವನ ಉಸಿರು ಅಷ್ಟು ನಿಧಾನವಾಗಿರುತ್ತದೆಂದೂ ನಮಗೆ ತೋರುವುದಿಲ್ಲ.

ಲೋಣಂದಕ್ಕೂ ತರಡಗಾವಕ್ಕೂ ನಡುವೆ ‘ಚಾಂದೋಬಾಚಾ ಲಿಂಬ್’ ಎಂಬ ಎಡೆಯಿದೆ. ಅಲ್ಲಿ ದಾರಿಯ ಮೊದಲ ರಿಂಗಣ. ದಿಂಡಿಗಳು ಎರಡು ಬದಿಗೆ ಸರಿದು ದಾರಿ ಬಿಡುತ್ತವೆ. ನಡುವೆ ಎರಡು ಕುದುರೆಗಳು ಬಾಣದಂತೆ ಓಡಿಬರುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಬರಿದು. ಅದು ಜ್ಞಾನೇಶ್ವರರ ಕುದುರೆ. ಓಡಿ ಮುಗಿದ ಮೇಲೆ ಜನ ಅದರ ಗೊರಸಿನ ಧೂಳಿಗಾಗಿ ಮುಗಿಬೀಳುತ್ತಾರೆ. ಕನ್ನಡಿಗರಾದ ನಾವು ತಿಳಿಯಲೇಬೇಕಾದ ಸಂಗತಿಯೆಂದರೆ, ಈ ಕುದುರೆಗಳು ಬರುವುದು ನಮ್ಮ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ. ಅಲ್ಲಿಯ ಶಿತೋಳೆ ಸರದಾರರ ಮನೆಯಿಂದ ಪ್ರತಿವರ್ಷ ಅವು ಆಳಂದಿಯವರೆಗೆ ನಡೆದೇ ಹೋಗುತ್ತವೆ. ಕೃಷ್ಣೆಯ ದಂಡೆಯ ಆ ಊರನ್ನು ಎಷ್ಟೋ ಸಲ ಬಸ್ಸಿನಲ್ಲಿ ದಾಟಿಹೋಗಿದ್ದರೂ ನಮಗೆ ಇದು ಗೊತ್ತಿರಲಿಲ್ಲ.

ಇಂದಿನ ರೂಪದಲ್ಲಿ ಈ ಪಾಲಕಿಯನ್ನು 1830ರ ದಶಕದಲ್ಲಿ ಆರಂಭಿಸಿದವರು ಹೈಬತರಾವ ಬಾಬಾ ಅರಫಳಕರ. ಸಾತಾರಾ ಸೀಮೆಯ ಅರಫಳ ಅವರ ಊರು. ಗ್ವಾಲಿಯರದ ಸಿಂಧಿಯಾ ಅರಸರಲ್ಲಿ ಸರದಾರಿಕೆ. ಸಂಪ್ರದಾಯದವರು ಹೇಳುವ ಕಥೆ ಹೀಗಿದೆ. ಊರಿಗೆ ಮರಳುತ್ತಿದ್ದಾಗ ಸಾತಪುಡಾ ಬೆಟ್ಟಗಳಲ್ಲಿ ಅವರು ಸೆರೆಸಿಕ್ಕರು. ಆ ಸೆರೆಯಲ್ಲಿ ಹಗಲಿರುಳು ಜ್ಞಾನೇಶ್ವರರ ಹರಿಪಾಠವನ್ನು ಹೇಳುತ್ತ ಕುಳಿತರು. ಬಿಡುಗಡೆಯಾದ ಮೇಲೆ ಸರದಾರಿಕೆಗೆ ಹೋಗದೆ ಆಳಂದಿಗೆ ಬಂದು ನೆಲೆಸಿದರು. ದಂಡಿನ ಶಿಸ್ತು ಬಲ್ಲವರಾದ್ದರಿಂದ ದಿಂಡಿಗಳಿಗೂ ಅದೇ ಶಿಸ್ತನ್ನು ತಂದರು. ಆಳಂದಿಯ ಜ್ಞಾನೇಶ್ವರ ಗುಡಿಯ ಮೆಟ್ಟಿಲಿಗೆ ಇಂದಿಗೂ ಅವರ ಹೆಸರಿದೆ. ಕಥೆಯ ಪವಾಡದ ಭಾಗವನ್ನು ನಂಬಬೇಕೆಂದಿಲ್ಲ. ಮರಳಿ ಖಡ್ಗ ಹಿಡಿಯದೆ ತಾಳ ಹಿಡಿದರೆಂಬ ಭಾಗವೇ ನಮಗೆ ಹೆಚ್ಚಿನದಾಗಿ ತೋರಿತು.

ಸಂಜೆ ತರಡಗಾವದ ಬಯಲಿನಲ್ಲಿ ಸಮಾಜ ಆರತಿ. ದಿಂಡಿಗಳೆಲ್ಲ ಪಾಲಕಿಯ ಸುತ್ತ ನೆರೆಯುತ್ತವೆ. ಸಾವಿರಾರು ತಾಳಗಳ ಸದ್ದು ಎದೆಗೂಡಿನಲ್ಲಿ ಅನುರಣಿಸುತ್ತಿರುವಾಗ ಚೋಪದಾರರು ಬೆಳ್ಳಿಯ ದಂಡವನ್ನು ಮೇಲೆತ್ತುತ್ತಾರೆ. ತತ್‌ಕ್ಷಣ ನಿಶ್ಶಬ್ದ. ಎಲ್ಲಿಯೋ ಕೂಸೊಂದು ಅಳುವುದು ಕೇಳಿಸುತ್ತದೆ. ಯಾವುದಾದರೂ ದಿಂಡಿಗೆ ಅಹವಾಲಿದ್ದರೆ ಅದೊಂದೇ ತಾಳ ಬಾರಿಸುವುದನ್ನು ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೆ ಹೋಗಿ ಕೇಳಬೇಕು, ಪರಿಹಾರ ಹೇಳಬೇಕು. ಆಮೇಲೆಯೇ ಆ ತಾಳಗಳು ಸುಮ್ಮನಾಗುತ್ತವೆ. ಅಂದು ಒಂದು ದಿಂಡಿ ಬಾರಿಸುತ್ತಲೇ ಇದ್ದಿತು. ನೀರಿನ ಟ್ಯಾಂಕರ್ ಬಂದಿರಲಿಲ್ಲವಂತೆ. ಕಳೆದ ವಸ್ತುಗಳನ್ನೂ ಸಿಕ್ಕ ವಸ್ತುಗಳನ್ನೂ ಇಲ್ಲಿಯೇ ಸಾರಿದರು. ಇಷ್ಟು ಜನರ ನಡುವೆ ಸಿಕ್ಕ ಗಡಿಯಾರವನ್ನು ಒಬ್ಬರು ತಂದು ಒಪ್ಪಿಸಿದರು. ಅಣ್ಣ ತಲೆ ತಗ್ಗಿಸಿ ನಿಂತಿದ್ದರು. ಅವರು ಬಳೆಗಳನ್ನು ನೆನೆದರೋ ಏನೋ, ನಾವಂತೂ ನೆನೆದೆವು.

ರಾತ್ರಿ ಡೇರೆಯಲ್ಲಿ ಝುಣಕ–ರೊಟ್ಟಿಯ ಊಟ. ಅತ್ತಿಗೆಯವರೂ ಈ ವರ್ಷ ಬಂದಿದ್ದರು. ಹಿಂದೆ ಮಕ್ಕಳೊಡನೆ ತವರಿಗೆ ಹೋಗಿ ನಾಲ್ಕು ವರ್ಷ ಮರಳದೆ ಇದ್ದವರು ಅವರು. ಭಜನೆಯಿಂದ ಅಣ್ಣ ಬದಲಾದರೇ ಎಂದು ನಮ್ಮ ಮನೆಯವರು ನೇರವಾಗಿಯೇ ಕೇಳಿದರು.

“ಮೊದಲನೇ ವರ್ಷ ಏನೂ ಬದಲಾಗಲಿಲ್ಲ ತಂಗಿ” ಎಂದರು ಅತ್ತಿಗೆ. “ಏಕಾದಶಿ ಮುಗಿಸಿ ಬಂದವರು ಶ್ರಾವಣ ಮುಗಿಯೋದ್ರೊಳಗ ಕುಡಿದರು. ಮಾಲಿ ತೆಗೆದು ಗೂಟಕ್ಕ ಹಾಕಿ ಕುಡಿದರು. ಮರುವರ್ಷ ಮತ್ತ ಹೋದರು, ಮತ್ತ ಕುಡಿದರು. ಆದರ ಗೂಟಕ್ಕ ಹಾಕುವಾಗ ಕೈ ನಡುಗತಿತ್ತು. ನಾ ಅದನ್ನ ನೋಡೇ ತಿರುಗಿ ಬಂದೆ.”

ಮೂರನೆಯ ವರ್ಷದಿಂದ ಕುಡಿದಿಲ್ಲವಂತೆ. 2020 ಮತ್ತು 2021ರಲ್ಲಿ ಸಾಂಕ್ರಾಮಿಕದಿಂದಾಗಿ ಪಾದಯಾತ್ರೆ ನಡೆಯದೆ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದುವಷ್ಟೆ. ಆಗ ಅಣ್ಣ ವಾರಿಯ ದಿನಗಳೆಲ್ಲ ತಮ್ಮ ಕಬ್ಬಿನ ಹೊಲದ ಬದುವಿನ ಮೇಲೆ ತಾಳ ಹಿಡಿದು ಒಬ್ಬರೇ ಸುತ್ತುತ್ತಿದ್ದರು. ಊರಿನ ಹುಡುಗರು ನಕ್ಕರು. “ಆ ಎರಡು ವರ್ಷ ನನಗ ಭಾಳ ಅಂಜಿಕಿ ಇತ್ತು” ಎಂದರು ಅತ್ತಿಗೆ. ಅಷ್ಟು ಹೇಳಿ ಪಾತ್ರೆ ತೊಳೆಯಲು ಎದ್ದರು.

ಲಿಂಗದ ಕೊರಳಿಗೆ ತುಳಸಿಯೇಕೆಂಬ ತಂದೆಯವರ ಪ್ರಶ್ನೆಯನ್ನು ನಾವು ಅಣ್ಣನ ಮುಂದಿಟ್ಟೆವು. ಅವರು ವಾದ ಮಾಡಲಿಲ್ಲ, ನರಹರಿ ಸೋನಾರನ ಕಥೆ ಹೇಳಿದರು. ಪಂಢರಪುರದಲ್ಲಿದ್ದೂ ಶಿವನನ್ನಲ್ಲದೆ ಮತ್ತೊಂದು ದೈವವನ್ನು ನೋಡೆನೆಂದು ಹಟ ಹಿಡಿದ ಅಕ್ಕಸಾಲಿಗ ಆತ. ವಿಠ್ಠಲನ ನಡುಪಟ್ಟಿಯ ಅಳತೆಗೆ ಕಣ್ಣು ಕಟ್ಟಿಕೊಂಡು ಹೋದ. ಕೈಗೆ ಶಿವನ ಮೈ ಸಿಕ್ಕಿತು. ಕಣ್ಣು ಬಿಚ್ಚಿದರೆ ವಿಠ್ಠಲ. ಮಹಾರಾಷ್ಟ್ರದ ಲಿಂಗಾಯತರು ಪೂಜಿಸುವ ಮನ್ಮಥಸ್ವಾಮಿಗಳೂ ಮರಾಠಿಯಲ್ಲಿ ಅಭಂಗಗಳನ್ನು ಬರೆದವರೇ, ಬೀಡ ಜಿಲ್ಲೆಯ ಕಪಿಲಧಾರದಲ್ಲಿ ಅವರ ಸಮಾಧಿಯಿದೆ ಎಂದು ನಾವು ನೆನಪಿಸಿದಾಗ ಅಣ್ಣ ನಕ್ಕು, “ಅದನ್ನ ಕಾಕಾಗೆ ನೀನೇ ಹೇಳು” ಎಂದರು.

ಆದರೂ ಒಂದು ಸಂಶಯ ಉಳಿಯಿತು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ಇದೇ ದಾರಿಯನ್ನು ನಡೆದು ಬರೆದ ಪ್ರಬಂಧದಲ್ಲಿ, ಹಗಲೆಲ್ಲ ಒಂದೇ ದನಿಯಲ್ಲಿ ಹಾಡಿದವರು ಊಟಕ್ಕೆ ಮಾತ್ರ ಜಾತಿಜಾತಿಯಾಗಿ ಬೇರೆ ಕುಳಿತದ್ದನ್ನು ನೋವಿನಿಂದ ಗುರುತಿಸಿದ್ದಾರೆ. ಸಂತ ಚೋಖಾಮೇಳರು ಗೋಡೆ ಕುಸಿದು ಮಡಿದದ್ದು ಮಂಗಳವೇಢೆಯಲ್ಲಿ. ಬಸವಣ್ಣನವರು ಬಿಜ್ಜಳನ ಬಳಿ ಕಾಯಕ ಮಾಡಿದ್ದ ಊರೇ ಅದು. ಚೋಖಾಮೇಳರ ಸಮಾಧಿ ವಿಠ್ಠಲನ ಗುಡಿಯ ಬಾಗಿಲ ಹೊರಗಿದೆ. ಅವರ ಜಾತಿಯವರು ಶತಮಾನಗಳವರೆಗೆ ಆ ಬಾಗಿಲನ್ನು ದಾಟುವಂತಿರಲಿಲ್ಲ. ಅವರ ಅಭಂಗಗಳನ್ನು ಮಾತ್ರ ಎಲ್ಲರೂ ಒಳಗೆ ಹಾಡುತ್ತಿದ್ದರು! ಕೊನೆಗೆ 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಪಂಢರಪುರದಲ್ಲಿ ಹತ್ತು ದಿನ ಉಪವಾಸ ಕುಳಿತ ಮೇಲೆ ಬಾಗಿಲು ತೆರೆಯಿತು. ಆರುನೂರು ವರ್ಷಗಳ ಭಜನೆಯಿಂದ ಆಗದ್ದು ಹತ್ತು ದಿನಗಳ ಹಸಿವಿನಿಂದ ಆಯಿತು. ಅಥವಾ ಭಜನೆಯೇ ಆ ಮನುಷ್ಯನನ್ನು ಉಪವಾಸಕ್ಕೆ ಕೂರಿಸಿತೆನ್ನಬೇಕೋ? ಅಂದಿನ ರಾತ್ರಿ ಆ ಡೇರೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಉಂಡದ್ದನ್ನು ನಾವು ಕಂಡೆವು. ಉಳಿದ ಡೇರೆಗಳಿಗೆ ನಾವು ಹೋಗಲಿಲ್ಲ.

ಮರುದಿನ ಪಾಲಕಿ ಫಲಟಣದ ಕಡೆಗೆ ಸಾಗಿತು, ನಾವು ಲೋಣಂದಕ್ಕೆ ಮರಳಿ ಗಾಡಿ ಹಿಡಿದೆವು. ಹೊರಡುವಾಗ ಅಣ್ಣನ ಅಂಗಾಲಿನಲ್ಲಿ ಬೊಕ್ಕೆಗಳೆದ್ದದ್ದನ್ನು ಕಂಡೆವು. ಮನೆಯಲ್ಲಿ ಹೇಳಬೇಡವೆಂದರು. ಆದರೆ ತಂದೆಯವರು ಕೇಳಿದ ಮೊದಲ ಪ್ರಶ್ನೆಯೇ, “ಕಾಲು ಹೆಂಗದಾವು ಅವನವು?” ಎಂದು. ಅಣ್ಣ ಪ್ರತಿವರ್ಷ ಕಬ್ಬಿನ ಬಿಲ್ಲು ಬಂದ ಮೇಲೆ ಒಂದು ಲಕೋಟೆಯನ್ನು ನಮ್ಮ ಮನೆಯ ಜಗಲಿಯ ಮೇಲೆ ಇಟ್ಟುಹೋಗುತ್ತಿದ್ದರು. ಅವುಗಳನ್ನು ತಂದೆಯವರು ತಾಯಿಯ ಟ್ರಂಕಿನಲ್ಲಿ ಒಡೆಯದೆ ಇಟ್ಟಿದ್ದಾರೆಂಬುದು ಅಂದು ಸಂಜೆ ನಮಗೆ ತಿಳಿಯಿತು.

ಏಕಾದಶಿ ಕಳೆದು ಆರು ದಿನಗಳ ಮೇಲೆ ಅಣ್ಣ ಚುರುಮುರಿಯ ಪ್ರಸಾದವನ್ನು ಹಿಡಿದು ಬೆಳಗಿನಲ್ಲಿ ಬಂದರು. ತಂದೆಯವರು ಆಗತಾನೆ ಸ್ನಾನ ಮುಗಿಸಿ ಪೂಜೆಗೆ ಕುಳಿತಿದ್ದರು. ಅಣ್ಣ ಹೊಸ್ತಿಲಾಚೆ ನಿಂತೇ ಇದ್ದರು. ಕೊರಳಲ್ಲಿ ತುಳಸಿಯೂ ಇತ್ತು, ಲಿಂಗವೂ ಇತ್ತು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ತಂದೆಯವರು ತಮ್ಮ ವಿಭೂತಿಯ ಗಟ್ಟಿಯನ್ನು ಎದುರಿನ ಮಣೆಯ ಕಡೆಗೆ ಸರಿಸಿದರು.