ಹಸಿರು ತಾಯಿಯ ನೀಲಿ ಮರಿ

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ನಮ್ಮ ಮನೆಯ ಹಕ್ಕಿಗಳು ಸುಳ್ಳು ಮಾಡಿದವು. ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ ಒಂದು ಜೋಡಿ ಲವ್ ಬರ್ಡ್ಸ್ ಇವೆ. ಅದು ಅಂಗಡಿಯವರು ಕರೆಯುವ ಹೆಸರು. ಅವುಗಳ ನಿಜವಾದ ಹೆಸರು ಬಜರಿಗಾರ್. ಗಂಡೂ ಹಸಿರು, ಹೆಣ್ಣೂ ಹಸಿರು. ಪಂಜರದೊಳಗೆ ಕಟ್ಟಿದ ಪುಟ್ಟ ಗಡಿಗೆಯಲ್ಲಿ ಹೆಣ್ಣು ಐದು ತತ್ತಿಯಿಟ್ಟು ಕಾವು ಕೊಟ್ಟಿತು. ಸುಮಾರು 18 ದಿನಕ್ಕೆ ಒಂದೊಂದೇ ಒಡೆದವು. ನವಣೆಯ ಬಲದಿಂದ ಬೆಳೆದ ಮರಿಗಳಿಗೆ ಗರಿ ಮೂಡಿದಾಗ ನೋಡಿದರೆ ನಾಲ್ಕು ಹಸಿರು, ಒಂದು ಅಪ್ಪಟ ನೀಲಿ!

ನೋಡಲು ಬಂದವರೆಲ್ಲರದೂ ಒಂದೇ ಪ್ರಶ್ನೆ: "ಅಕ್ಕಾರ, ಇದು ಯಾರ್ಹಂಗ ಹುಟ್ಟೇತ್ರಿ?" ಒಬ್ಬರಂತೂ ಬಾಯಿಗೆ ಸೆರಗು ಅಡ್ಡ ಹಿಡಿದು, "ಹೆಣ್ಣಿನ ನಡತಿ ಸರಿ ಇಲ್ಲ ಬಿಡ್ರಿ" ಎಂದು ನಕ್ಕರು. ಪಂಜರ ಬಿಟ್ಟು ಹೊರಗೆ ಕಾಲಿಡದ ಹಕ್ಕಿಗೂ ಅಪವಾದ ತಪ್ಪಲಿಲ್ಲ. ಕೂಸಿನ ಬಣ್ಣ ತುಸು ಆಚೀಚೆಯಾದರೆ ಬಾಣಂತಿ ಕೋಣೆಯ ಹೊರಗೆ ಕೇಳುವ ಪಿಸುಮಾತೂ ಇದೇ ಅಲ್ಲವೇ?

ಈ ಗಂಟು ಬಿಡಿಸಲು ರಾಮದುರ್ಗದ ಕೈಮಗ್ಗವನ್ನು ನೆನೆದರೆ ಸಾಕು. ನೀಲಿ ಹಾಸಿಗೆ ಹಳದಿ ಹೊಕ್ಕು ಕೊಟ್ಟರೆ ಬಟ್ಟೆ ದೂರದಿಂದ ಹಸಿರಾಗಿ ಕಾಣುತ್ತದೆ. ಈ ಹಕ್ಕಿಯ ಹಸಿರೂ ಅಂಥದೇ. ಗರಿಯೊಳಗಿನ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ನೀಲಿ ಕಾಣುತ್ತದೆ. ಅದಕ್ಕೆ ಸವದತ್ತಿ ಎಲ್ಲಮ್ಮನ ಭಂಡಾರದಂಥ ಹಳದಿ ವರ್ಣದ್ರವ್ಯ ಕೂಡಿಕೊಂಡು ಹಸಿರಾಗುತ್ತದೆ. ಹಳದಿ ತಯಾರಾಗದಿದ್ದರೆ ಉಳಿಯುವುದು ನೀಲಿ. ಈ ಹಳದಿಯನ್ನು ಮಾಡುವ ವಂಶವಾಹಿ ಯಾವುದೆಂದು ವಿಜ್ಞಾನಿಗಳು 2017ರಲ್ಲಿ ಗುರುತಿಸಿದರು.

ಆ ವಂಶವಾಹಿ ಪ್ರತಿ ಮರಿಗೂ ಎರಡು ಪ್ರತಿಯಲ್ಲಿ ಬರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಸಂಸಾರ ತೂಗಿಸುತ್ತದೆ. ಹಕ್ಕಿ ಹಸಿರಾಗಿಯೇ ಇರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ನೀಲಿ. ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳಿಂದ ತೋರಿಸಿಕೊಟ್ಟ ಲೆಕ್ಕವೇ ಇದು. ಅಂದಮೇಲೆ ನೀಲಿ ಮರಿ ಹುಟ್ಟುವುದರಲ್ಲಿ ಅಪ್ಪನ ಪಾಲೂ ತಾಯಿಯಷ್ಟೇ ಇದೆ. ಬೈಗುಳ ಮಾತ್ರ ತಾಯಿಗೆ!

ಆಸ್ಟ್ರೇಲಿಯಾದ ಬಯಲಿನಲ್ಲಿ ಹಿಂಡು ಹಿಂಡಾಗಿ ಹಾರುವ ಈ ಹಕ್ಕಿಗಳ ಬಣ್ಣ ಹಸಿರು. ಜಾನ್ ಗೌಲ್ಡ್ 1840ರಲ್ಲಿ ಅವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಆ ಶತಮಾನ ಮುಗಿಯುವ ಮೊದಲೇ ಯುರೋಪಿನ ಪಂಜರಗಳಲ್ಲಿ ಹಳದಿ, ನೀಲಿ ಹಕ್ಕಿಗಳು ಹುಟ್ಟಿದವು. ಅಪರೂಪದ ಬಣ್ಣ ಕಂಡರೆ ಸಾಕುವವರು ಅದನ್ನು ಅದರ ಒಡಹುಟ್ಟಿಗೋ ಹೆತ್ತವರಿಗೋ ಜೋಡಿ ಮಾಡುತ್ತಾರೆ. ಅಮೆರಿಕದಲ್ಲಿ ಹಾವಿಗೂ ಹೀಗೇ ಮಾಡುತ್ತಾರೆ. ಅಲ್ಲಿನ 'ಹಾಲುಹಾವಿ'ಗೆ ವಿಷವಿಲ್ಲ; ಕಪ್ಪಿಲ್ಲದ್ದು, ಕೆಂಪಿಲ್ಲದ್ದು ಎಂದು ಬಣ್ಣ ಆರಿಸಿ ಮರಿ ಮಾಡಿಸಿ ಮಾರುತ್ತಾರೆ. ಕೊಟ್ಟಿಗೆಗೆ ನುಗ್ಗಿ ಹಸುವಿನ ಹಾಲು ಕುಡಿಯುತ್ತದೆ ಎಂಬ ಹಳೆಯ ನಂಬಿಕೆಯಿಂದ ಅದಕ್ಕೆ ಆ ಹೆಸರು. ನಮ್ಮ ಕೇರೆಹಾವಿನ ಮೇಲೂ ಇದೇ ಸುಳ್ಳು ಆಪಾದನೆ ಇದೆಯಲ್ಲ!

ಆದರೆ ರಕ್ತಸಂಬಂಧದಲ್ಲೇ ಜೋಡಿ ಮಾಡಿದಾಗ ಬಣ್ಣವೊಂದೇ ಹೊರಗೆ ಬರುವುದಿಲ್ಲ. ಮರೆಯಲ್ಲಿದ್ದ ಬೇರೆ ದೋಷಗಳೂ ಎರಡೆರಡಾಗಿ ಕೂಡುತ್ತವೆ. ಗರಿ ಬೆಳೆಯುವುದೇ ನಿಲ್ಲದೆ, ಹಾರಲಾರದೆ, ಎಳೆಯ ವಯಸ್ಸಿನಲ್ಲೇ ಸಾಯುವ ಬಜರಿಗಾರ್‌ಗಳು ಇವೆ. ಅದೂ ಇಂಥದೇ ಮರೆಯ ದೋಷ. ಆದ್ದರಿಂದ ನಮ್ಮ ನೀಲಿ ಹೆಣ್ಣಿಗೆ ಸವದತ್ತಿಯಿಂದ ಸಂಬಂಧವಿಲ್ಲದ ಹಸಿರು ಗಂಡು ತಂದೆ. ಮರಿಗಳೆಲ್ಲ ಹಸಿರೇ ಆದವು. ಈ ಸಲ ನೋಡಲು ಯಾರೂ ಬರಲಿಲ್ಲ.

ಬಂದವಳು ಕಿತ್ತೂರಿನ ಗೆಳತಿಯೊಬ್ಬಳೇ. "ಅಪ್ಪಗs ಜೋಡಿ ಮಾಡಿದ್ದರ ಇನ್ನಷ್ಟು ನೀಲಿ ಸಿಗ್ತಿದ್ದೂವಲ್ಲ?" ಎಂದಳು. ಯಾಕೆ ಬೇಡವೆಂದು ಹೇಳಿದೆ. ಅವಳು ಚಹಾದ ಕಪ್ಪು ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಅವಳ ಮಗಳನ್ನು ಅವಳ ತಮ್ಮನಿಗೇ ಕೊಡುವ ಮಾತು ನಡೆದಿತ್ತು. ಹೊಲ ಹೊರಗೆ ಹೋಗುವುದಿಲ್ಲ, ಹುಡುಗಿ ಕಣ್ಣೆದುರೇ ಇರುತ್ತಾಳೆ.

"ನಮ್ಮವ್ವನ್ನೂ ಸ್ವಾದರಮಾವಗs ಕೊಟ್ಟಿದ್ರು," ಎಂದಳು. "ಎರಡು ಕೂಸು ಹೋದೂವು. ಅವ್ವನ ಕಾಲ್ಗುಣ ಅಂತ ಸಾಯೂತನಕಾ ಅಂದ್ರು."

ಅವಳನ್ನು ಹೆದರಿಸುವುದು ನನಗೆ ಬೇಕಿರಲಿಲ್ಲ. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಆ ಎರಡು ಕೂಸು ಯಾಕೆ ಹೋದವೋ ಈಗ ಹೇಳಬಲ್ಲವರೂ ಇಲ್ಲ. ಆದರೆ ಮಾವ ಮತ್ತು ಸೊಸೆಯ ವಂಶವಾಹಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಒಂದೇ ಆಗಿರುತ್ತದೆ. ಮರೆಯಲ್ಲಿದ್ದ ರೋಗ ಎರಡೂ ಕಡೆಯಿಂದ ಕೂಡುವ ಸಂಭವ ಅಲ್ಲಿ ಹೆಚ್ಚು. ತಲೆಮಾರಿನಿಂದ ತಲೆಮಾರಿಗೆ ಒಳಗೊಳಗೇ ಕೊಟ್ಟು ತಂದರೆ ಇನ್ನೂ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಮದುವೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಹತ್ತಿರದ ಸಂಬಂಧದಲ್ಲೇ ಆದದ್ದು. ಮಾತು ಮುರಿಯುವ ಮೊದಲೋ ಬೆಳೆಸುವ ಮೊದಲೋ ಒಮ್ಮೆ ತಿಳಿದ ವೈದ್ಯರನ್ನು ಕಾಣು ಎಂದೆ. ಮನೆಯಲ್ಲಿ ಹೋದ ಕೂಸುಗಳ ವಿಷಯವನ್ನು ಮುಚ್ಚಿಡದೆ ಹೇಳು ಎಂದೂ ಸೇರಿಸಿದೆ.

"ಹಂಗಾದ್ರ ಅವ್ವಂದೊಬ್ಬಾಕೀದs ತಪ್ಪಲ್ಲಂದಂಗಾತು," ಎಂದಳು ಗೆಳತಿ. ಮಗಳ ಮದುವೆಗಿಂತ ಮೊದಲು ಅವಳಿಗೆ ಬೇಕಿದ್ದದ್ದು ಆ ಒಂದು ಮಾತು. "ಯಾರದೂ ತಪ್ಪಲ್ಲ," ಎಂದೆ.

ಮದುವೆಯ ಮಾತು ಸದ್ಯಕ್ಕೆ ನಿಂತಿದೆ. ಹುಡುಗಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ. ಅವಳನ್ನೂ ಒಂದು ಮಾತು ಕೇಳಿ ಎಂದು ಹೇಳಿ ಕಳಿಸಿದ್ದೇನೆ.